ಐದು ಮತಗಳ ಅಂತರ: ದಾದಾಭಾಯಿ ನವರೋಜಿಯವರ ಆಯ್ಕೆಯೂ ಮತದಾರರ ಮನೋಗತವೂ

ಮನುಷ್ಯನು ಮಾಡುವ ಕಾರ್ಯವು ಕಣ್ಣಿಗೆ ಕಾಣುವುದು. ಆ ಕಾರ್ಯಕ್ಕೆ ಪ್ರೇರಕವಾದ ಹೇತುವು ಕಾಣದು. ಆದುದರಿಂದ ಕಾರ್ಯವನ್ನು ನೋಡಿ ಕಾರಣವನ್ನು ಅನುಮಾನಿಸುವ ಕೆಲಸದಲ್ಲಿ ಎಚ್ಚರ ತಪ್ಪಿದವನು ಹೇತುವನ್ನು ಬಿಟ್ಟು ಹೇತ್ವಾಭಾಸವನ್ನು ಹಿಡಿಯುವನೆಂದು ಪ್ರಾಚೀನ ತಾರ್ಕಿಕರು ಹೇಳಿರುವರು. ಈ ಎಚ್ಚರವು ಚುನಾವಣೆಗಳ ಚರಿತ್ರೆಯನ್ನು ಬರೆಯುವವರಿಗೆ ಬೇಕಾಗಿರುವಷ್ಟು ಮತ್ತಾರಿಗೂ ಬೇಕಾಗಲಾರದು. ಮತದಾರನು ಚೀಟಿಯ ಮೇಲೊಂದು ಗುರುತು ಮಾಡಿ ಪೆಟ್ಟಿಗೆಯಲ್ಲಿ ಹಾಕುವನು. ಆ ಗುರುತು ಎಣಿಕೆಗೆ ಸಿಕ್ಕುವುದು; ಅದನ್ನು ಮಾಡಿಸಿದ ಮನಸ್ಸು ಸಿಕ್ಕುವುದಿಲ್ಲ. ಉಮೇದುವಾರನ ಗುಣವೋ, ಅವನ ಪಕ್ಷವೋ, ಕುಲವೋ, ಮೈಬಣ್ಣವೋ, ಎದುರಾಳಿಯ ಮೇಲಣ ಮುನಿಸೋ, ಯಾವುದು ಆ ಕೈಯನ್ನು ನಡೆಸಿತೆಂಬುದನ್ನು ಪೆಟ್ಟಿಗೆಯು ಯಾರಿಗೂ ಹೇಳದು. ಹೀಗಿದ್ದರೂ ಫಲಿತಾಂಶವು ಹೊರಬಿದ್ದ ಮರುದಿನವೇ ಜನರು ಅದಕ್ಕೊಂದು ಅರ್ಥವನ್ನು ಕಟ್ಟುವರು. ಆ ಅರ್ಥವನ್ನೇ ನಂಬಿ ಮುಂದಿನ ಕಾರ್ಯಗಳನ್ನು ನಿಶ್ಚಯಿಸುವರು. ಅರ್ಥವು ತಪ್ಪಾಗಿದ್ದಲ್ಲಿ ಅದರ ನಷ್ಟವು ಬಹುಕಾಲದವರೆಗೆ ಉಳಿಯುವುದು.

ಇದಕ್ಕೆ ೧೮೯೨ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಲಂಡನ್ ನಗರದ ಮಧ್ಯ ಫಿನ್ಸ್‌ಬರಿ ಕ್ಷೇತ್ರದಲ್ಲಿ ನಡೆದ ಚುನಾವಣೆಗಿಂತ ಒಳ್ಳೆಯ ನಿದರ್ಶನವು ದೊರೆಯದು. ಅಲ್ಲಿ ಲಿಬರಲ್ ಪಕ್ಷದ ಉಮೇದುವಾರರಾದ ದಾದಾಭಾಯಿ ನವರೋಜಿಯವರಿಗೆ ೨,೯೬೧ ಮತಗಳೂ, ಅವರ ಎದುರಾಳಿಯಾದ ಕನ್ಸರ್ವೇಟಿವ್ ಪಕ್ಷದ ಕ್ಯಾಪ್ಟನ್ ಪೆಂಟನ್ನನಿಗೆ ೨,೯೫೬ ಮತಗಳೂ ಬಂದವು. ಐದು ಮತಗಳ ಅಂತರದಿಂದ ಬೊಂಬಾಯಿಯ ಪಾರ್ಸಿ ಗೃಹಸ್ಥರೊಬ್ಬರು ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರಾದರು. ಈ ವಾರ್ತೆಯು ತಂತಿಯ ಮೂಲಕ ಭಾರತಕ್ಕೆ ಬಂದಾಗ ಇಲ್ಲಿ ಉಂಟಾದ ಸಂತೋಷವು ವರ್ಣನಾತೀತವಾಗಿದ್ದಿತು. ಇಂಗ್ಲೆಂಡಿನ ಪ್ರಜೆಯು ಭಾರತವನ್ನು ಮನ್ನಿಸಿದನೆಂದು ಅನೇಕರು ತಿಳಿದರು. ಆ ತಿಳಿವಳಿಕೆಯು ಎಷ್ಟರಮಟ್ಟಿಗೆ ಸರಿಯಾದುದೆಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಭಾರತೀಯ ರಕ್ತಸಂಬಂಧವುಳ್ಳವನೊಬ್ಬನು ಕಾಮನ್ಸ್ ಸಭೆಗೆ ಆಯ್ಕೆಯಾದುದು ಅದೇ ಮೊದಲಲ್ಲ. ಅದಕ್ಕೆ ಐವತ್ತೊಂದು ವರ್ಷಗಳ ಮುಂಚೆ, ೧೮೪೧ರಲ್ಲಿ, ಸರ್ಧಾನದ ಬೇಗಂ ಸಮ್ರೂವಿನ ಉತ್ತರಾಧಿಕಾರಿಯಾದ ಡೇವಿಡ್ ಅಕ್ಟರ್ಲೋನಿ ಡೈಸ್ ಸಾಂಬರ್ ಎಂಬವನು ಸಡ್ಬರಿ ಎಂಬ ಊರಿನಿಂದ ಆಯ್ಕೆಯಾಗಿದ್ದನು. ಯೂರೋಪಿಯನ್ ರಕ್ತವೂ ಭಾರತೀಯ ರಕ್ತವೂ ಕೂಡಿದ ವಂಶ ಅವನದು; ಐಶ್ವರ್ಯವು ಅಪಾರ. ಸಡ್ಬರಿಯ ಮತದಾರರು ಅವನ ಮೈಬಣ್ಣವನ್ನು ಲಕ್ಷಿಸಲಿಲ್ಲ. ಆದರೆ ಅದರಿಂದ ಅವರು ವರ್ಣದ್ವೇಷವನ್ನು ಗೆದ್ದ ಮಹಾತ್ಮರೆಂದು ಹೇಳಲಾಗದು. ಲಂಚವು ನಡೆದುದು ರುಜುವಾತಾಗಿ ೧೮೪೨ರಲ್ಲಿ ಆ ಚುನಾವಣೆಯು ಅಸಿಂಧುವೆಂದು ತೀರ್ಮಾನವಾಯಿತು. ೧೮೪೪ರಲ್ಲಿ ಆ ಊರಿಗೆ ಪ್ರತಿನಿಧಿಯನ್ನು ಕಳುಹಿಸುವ ಹಕ್ಕೇ ಇಲ್ಲದೆಹೋಯಿತು. ಅಂದು ಮತವನ್ನು ಬಹಿರಂಗವಾಗಿ ಹೇಳಬೇಕಾಗಿದ್ದಿತು. ಹಣ ಕೊಟ್ಟವನು ತಾನು ಕೊಂಡ ಸರಕು ಕೈಸೇರಿತೇ ಎಂದು ಕಿವಿಯಾರೆ ಕೇಳಿ ತಿಳಿಯಬಹುದಾಗಿದ್ದಿತು. ಅಲ್ಲಿ ಹೇತುವನ್ನು ಹುಡುಕುವ ಶ್ರಮವಿಲ್ಲ. ಅದು ಹಣದ ಚೀಲದೊಳಗೆಯೇ ಇದ್ದಿತು.

ನವರೋಜಿಯವರ ಕಾಲಕ್ಕೆ ಸ್ಥಿತಿಯು ಬದಲಾಗಿದ್ದಿತು. ೧೮೬೭ ಮತ್ತು ೧೮೮೪ರ ಶಾಸನಗಳಿಂದ ಮತದ ಹಕ್ಕು ಮನೆವಂದಿಗರಾದ ಕೆಲಸಗಾರರವರೆಗೆ ಇಳಿದುಬಂದಿದ್ದಿತು; ಸ್ತ್ರೀಯರಿಗೆ ಮಾತ್ರ ಅದು ಇನ್ನೂ ದೊರೆತಿರಲಿಲ್ಲ. ೧೮೭೨ರ ಶಾಸನದಿಂದ ಮತದಾನವು ಗುಪ್ತವಾಯಿತು. ೧೮೮೩ರ ಶಾಸನವು ಚುನಾವಣೆಯ ವೆಚ್ಚಕ್ಕೆ ಮಿತಿಯನ್ನು ಕಟ್ಟಿ ಲಂಚಕ್ಕೆ ಕಠಿನವಾದ ಶಿಕ್ಷೆಯನ್ನು ವಿಧಿಸಿತು. ಹೀಗೆ ಮತದಾರನ ಅಂತರಂಗವು ಧನಿಕನ ಕಣ್ಣಿಗೆ ಮರೆಯಾಯಿತು. ಅದರೊಡನೆಯೇ ಚರಿತ್ರಕಾರನ ಕಣ್ಣಿಗೂ ಮರೆಯಾಯಿತು.

ಈ ಹೊಸ ಮತದಾರರ ಮುಂದೆ ಮೊದಲು ನಿಂತ ಭಾರತೀಯರು ಬಂಗಾಳದ ಲಾಲಮೋಹನ ಘೋಷರು. ಅವರು ವಾಗ್ಮಿಗಳು, ಬ್ಯಾರಿಸ್ಟರ್ ಪದವಿಯನ್ನು ಪಡೆದವರು. ೧೮೮೫ರಲ್ಲಿ ಲಂಡನ್ನಿನ ಡೆಟ್‌ಫರ್ಡ್ ಕ್ಷೇತ್ರದಿಂದ ಲಿಬರಲ್ ಪಕ್ಷದ ಪರವಾಗಿ ನಿಂತು ಸೋತರು. ೧೮೮೬ರಲ್ಲಿ ಮತ್ತೆ ನಿಂತು ಮತ್ತೆ ಸೋತರು. ಅದೇ ೧೮೮೬ರಲ್ಲಿ ನವರೋಜಿಯವರು ಹೋಬರ್ನ್ ಕ್ಷೇತ್ರದಲ್ಲಿ ತಮ್ಮ ಪ್ರಥಮ ಪ್ರಯತ್ನವನ್ನು ಮಾಡಿದರು.

ನವರೋಜಿಯವರು ಲಂಡನ್ನಿಗೆ ಹೊಸಬರಾಗಿರಲಿಲ್ಲ. ೧೮೨೫ರಲ್ಲಿ ಬಡ ಪುರೋಹಿತ ಮನೆತನದಲ್ಲಿ ಹುಟ್ಟಿ, ಬೊಂಬಾಯಿಯ ಎಲ್‌ಫಿನ್‌ಸ್ಟನ್ ವಿದ್ಯಾಲಯದಲ್ಲಿ ಓದಿ, ಅಲ್ಲಿಯೇ ಗಣಿತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ೧೮೫೫ರಲ್ಲಿ ಕಾಮಾ ಮನೆತನದ ವ್ಯಾಪಾರಸಂಸ್ಥೆಯ ಪಾಲುದಾರರಾಗಿ ಇಂಗ್ಲೆಂಡಿಗೆ ಬಂದರು. ೧೮೬೬ರಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ನನ್ನು ಸ್ಥಾಪಿಸಿದರು. ಕೆಲಕಾಲ ಬರೋಡೆಯ ದಿವಾನರೂ ಆಗಿದ್ದರು. ಭಾರತದ ತಲಾ ವಾರ್ಷಿಕ ಆದಾಯವು ೨೦ ರೂಪಾಯಿಯೆಂದು ಸರಕಾರದ ಅಂಕಿಗಳಿಂದಲೇ ಲೆಕ್ಕಹಾಕಿ, ದೇಶದ ಸಂಪತ್ತು ವರ್ಷವರ್ಷವೂ ಹೊರಗೆ ಹರಿದುಹೋಗುತ್ತಿರುವುದೇ ಈ ದಾರಿದ್ರ್ಯಕ್ಕೆ ಮೂಲವೆಂದು ಪ್ರತಿಪಾದಿಸಿದರು. ಇಂಗ್ಲೆಂಡಿನ ಜನರು ನ್ಯಾಯಪ್ರಿಯರು. ಅವರಿಗೆ ಸತ್ಯವು ತಿಳಿದರೆ ಸಾಕು, ಅನ್ಯಾಯವು ನಿಲ್ಲುವುದು ಎಂಬುದು ಅವರ ದೃಢವಾದ ನಂಬಿಕೆಯಾಗಿದ್ದಿತು. ಸತ್ಯವನ್ನು ತಿಳಿಸುವುದಕ್ಕೆ ಪಾರ್ಲಿಮೆಂಟಿಗಿಂತ ಎತ್ತರವಾದ ಪೀಠವಾವುದು?

ಆದರೆ ಹೋಬರ್ನ್ ಕನ್ಸರ್ವೇಟಿವ್ ಪಕ್ಷದ ಭದ್ರವಾದ ಕೋಟೆ. ಐರ್ಲೆಂಡಿಗೆ ಸ್ವಯಮಾಡಳಿತವನ್ನು ಕೊಡುವ ವಿಚಾರದಲ್ಲಿ ಲಿಬರಲ್ ಪಕ್ಷವು ಒಡೆದು, ದೇಶದಲ್ಲೆಲ್ಲ ಸೋಲುತ್ತಿದ್ದ ವರ್ಷ ಅದು. ನವರೋಜಿಯವರಿಗೆ ಪ್ರಚಾರಕ್ಕೆ ದೊರೆತುದು ಕೆಲವೇ ವಾರಗಳು. ಕರ್ನಲ್ ಡಂಕನ್ನನಿಗೆ ೩,೬೫೧, ನವರೋಜಿಯವರಿಗೆ ೧,೯೫೦ ಮತಗಳು ಬಂದವು. ಸೋಲಿಗೆ ವರ್ಣವೇ ಕಾರಣವೆಂದು ಅಂದು ಯಾರಾದರೂ ಹೇಳಿದ್ದರೆ, ಅದೇ ವರ್ಷ ಬಿಳಿಯ ಲಿಬರಲರು ನೂರಾರು ಜನ ಸೋತುದಕ್ಕೆ ಕಾರಣವೇನೆಂದು ಕೇಳಬಹುದಾಗಿದ್ದಿತು.

ಆ ಮಾತನ್ನು ಎರಡು ವರ್ಷಗಳಾದಮೇಲೆ ದೇಶದ ಪ್ರಧಾನಮಂತ್ರಿಯೇ ಆಡಿದನು. ೧೮೮೮ನೆಯ ನವೆಂಬರ್ ೩೦ರಂದು ಎಡಿನ್‌ಬರೋ ನಗರದಲ್ಲಿ ಮಾತಾಡುತ್ತ ಲಾರ್ಡ್ ಸಾಲ್ಸ್‌ಬರಿಯು ಹೋಬರ್ನ್ ಕ್ಷೇತ್ರದ ಅಂಕಿಗಳನ್ನು ಎತ್ತಿಕೊಂಡನು. ಹಿಂದಿನ ಚುನಾವಣೆಯಲ್ಲಿ ಕರ್ನಲ್ ಡಂಕನ್ನನಿಗೆ ಎದುರಾಗಿ ನಿಂತವನು ಕರಿಯನೆಂದೂ, ಮಾನವಕುಲವು ಎಷ್ಟೇ ಮುಂದುವರಿದು ಎಷ್ಟೇ ದುರಭಿಮಾನಗಳನ್ನು ಬಿಟ್ಟಿದ್ದರೂ, ಬ್ರಿಟಿಷ್ ಕ್ಷೇತ್ರವೊಂದು ಕರಿಯನನ್ನು ಆರಿಸುವ ಮಟ್ಟಕ್ಕೆ ಇನ್ನೂ ಬಂದಿರುವುದೋ ಇಲ್ಲವೋ ಸಂದೇಹವೆಂದೂ ಅವನು ನುಡಿದನು. ಇವನು ಹಿಂದೆ ಎರಡು ಬಾರಿ ಭಾರತಮಂತ್ರಿಯ ಪದವಿಯಲ್ಲಿದ್ದವನು ಎಂಬುದನ್ನು ಇಲ್ಲಿ ನೆನೆಯತಕ್ಕದ್ದು. ನವರೋಜಿಯವರ ಮೈಬಣ್ಣವು ಅನೇಕ ಆಂಗ್ಲೇಯರ ಬಣ್ಣಕ್ಕಿಂತ ಕಪ್ಪಾಗಿರಲಿಲ್ಲ. ಆದಕಾರಣ ಆ ಶಬ್ದವು ಚರ್ಮದ ವರ್ಣನೆಯಲ್ಲ. ಆಳುವವನು ಆಳಿಸಿಕೊಳ್ಳುವವನಿಗೆ ಇಟ್ಟ ಹೆಸರು ಅದು.

ಬಾಣವು ಬಿಟ್ಟವನ ಕಡೆಗೇ ತಿರುಗಿತು. ಅದುವರೆಗೆ ನವರೋಜಿಯವರ ಹೆಸರನ್ನು ಕೇಳದ ಸಾವಿರಾರು ಮನೆಗಳಲ್ಲಿ ಅದು ಮನೆಮಾತಾಯಿತು. ಲಿಬರಲ್ ಪತ್ರಿಕೆಗಳು ಪ್ರಧಾನಮಂತ್ರಿಯನ್ನು ಹಾಸ್ಯಮಾಡಿದವು; ರಾಣಿಯ ಕೋಟ್ಯಂತರ ಪ್ರಜೆಗಳನ್ನು ಒಂದೇ ಮಾತಿನಲ್ಲಿ ಅವಮಾನಪಡಿಸಿದನೆಂದು ಆಕ್ಷೇಪಿಸಿದವು. ೧೮೮೯ರ ಜನವರಿಯಲ್ಲಿ ನ್ಯಾಷನಲ್ ಲಿಬರಲ್ ಕ್ಲಬ್ಬಿನಲ್ಲಿ ನವರೋಜಿಯವರ ಗೌರವಾರ್ಥವಾಗಿ ಔತಣವು ನಡೆಯಿತು. ಅವಮಾನವು ಪ್ರಸಿದ್ಧಿಯನ್ನು ತಂದುದು ನಿಜ. ಆದರೆ ಪ್ರಸಿದ್ಧಿಯು ಮತವನ್ನು ತರುವುದೇ ಎಂಬುದು ಬೇರೆಯ ಪ್ರಶ್ನೆ. ಔತಣಕ್ಕೆ ಬಂದವರಲ್ಲಿ ಎಲ್ಲರೂ ಫಿನ್ಸ್‌ಬರಿಯ ಮತದಾರರಲ್ಲವಷ್ಟೆ!

ಆ ಮತದಾರರು ಯಾರೆಂಬುದನ್ನು ಈಗ ನೋಡಬೇಕು. ಮಧ್ಯ ಫಿನ್ಸ್‌ಬರಿಯೆಂದರೆ ಮುಖ್ಯವಾಗಿ ಕ್ಲರ್ಕನ್‌ವೆಲ್ ಎಂಬ ಕಿಕ್ಕಿರಿದ ಪ್ರದೇಶ. ಗಡಿಯಾರ ಮಾಡುವವರು, ಚಿನ್ನಬೆಳ್ಳಿಯ ಕೆಲಸದವರು, ಅಚ್ಚುಕೂಟದವರು, ಸಣ್ಣ ಅಂಗಡಿಕಾರರು ಅಲ್ಲಿ ವಾಸವಾಗಿದ್ದರು. ದಿನಕ್ಕೆ ಎಂಟು ಗಂಟೆಗಳ ಕೆಲಸ, ಬಾಡಿಗೆ ಮತ್ತು ಗೇಣಿಯ ಕಷ್ಟ, ಲಂಡನ್ ನಗರದ ಆಡಳಿತದ ಸುಧಾರಣೆ, ಐರ್ಲೆಂಡಿನ ಪ್ರಶ್ನೆ, ಇವು ಅವರ ನಿತ್ಯದ ಚರ್ಚೆಗಳು. ಭಾರತವು ಅವರಿಗೆ ಭೂಪಟದ ಒಂದು ಬಣ್ಣ. ಚಹಾದ ಪೊಟ್ಟಣದ ಮೇಲಣ ಒಂದು ಹೆಸರು.

ಸಾಲ್ಸ್‌ಬರಿಯ ಭಾಷಣಕ್ಕೆ ಕೆಲವು ತಿಂಗಳುಗಳ ಮುಂಚೆಯೇ, ೧೮೮೮ರಲ್ಲಿಯೇ, ಕ್ಷೇತ್ರದ ಲಿಬರಲ್ ಸಂಘವು ನವರೋಜಿಯವರನ್ನು ಉಮೇದುವಾರರನ್ನಾಗಿ ಆರಿಸಿದ್ದಿತು. ಈ ಪೌರ್ವಾಪರ್ಯವು ಮುಖ್ಯವಾದುದು. ಅವಮಾನದ ಕನಿಕರದಿಂದ ಆಯ್ಕೆಯು ಹುಟ್ಟಲಿಲ್ಲವೆಂಬುದು ಇದರಿಂದ ಸಿದ್ಧವಾಗುವುದು. ಆದರೆ ಸಂಘದಲ್ಲಿ ಒಡಕು ಹುಟ್ಟಿತು. ಫ್ರೆಡರಿಕ್ ಫರ್ಡ್ ಎಂಬವನನ್ನು ಎತ್ತಿಹಿಡಿದ ಗುಂಪೊಂದು ನಾಲ್ಕು ವರ್ಷಗಳ ಕಾಲ ನವರೋಜಿಯವರನ್ನು ಕಾಡಿತು. ಕನ್ಸರ್ವೇಟಿವರ ಬೈಗುಳಕ್ಕಿಂತ ಸ್ವಪಕ್ಷದವರ ಈ ಅಸಹಕಾರವೇ ಹೆಚ್ಚು ಕಠಿನವಾಗಿದ್ದಿತು. ಭಾರತೀಯನನ್ನು ನಿಲ್ಲಿಸಿದರೆ ಸ್ಥಾನವು ಕೈತಪ್ಪುವುದೆಂದು ಪಿಸುಗುಟ್ಟುವವರು ತಮಗೆ ವರ್ಣದ್ವೇಷವಿಲ್ಲವೆಂದೂ, ನೆರೆಯವರಿಗೆ ಅದು ಇರುವುದೆಂದೂ ಹೇಳುವುದು ಎಲ್ಲ ದೇಶಗಳಲ್ಲಿಯೂ ರೂಢಿಯಾಗಿರುವ ಮಾತು. ಈ ಬಗೆಯ ಭಯವು ತಾನೇ ದ್ವೇಷದ ಕೆಲಸವನ್ನು ಮಾಡಿಬಿಡುವುದು. ಕೊನೆಗೆ ಚುನಾವಣೆಯು ಹತ್ತಿರವಾದಾಗ ಫರ್ಡನು ಹಿಂದೆ ಸರಿದನು.

ನವರೋಜಿಯವರಾದರೂ ಈ ನಾಲ್ಕು ವರ್ಷಗಳನ್ನು ವ್ಯರ್ಥವಾಗಿ ಕಳೆಯಲಿಲ್ಲ. ಕೆಲಸಗಾರರ ಸಂಘಗಳಿಗೆ ಹೋದರು. ಎಂಟು ಗಂಟೆಯ ದಿನವನ್ನು ಬೆಂಬಲಿಸಿದರು. ಸ್ತ್ರೀಯರಿಗೆ ಮತದ ಹಕ್ಕು ಬೇಕೆಂದರು. ಐರ್ಲೆಂಡಿನ ಸ್ವಯಮಾಡಳಿತವನ್ನು ಎತ್ತಿಹಿಡಿದರು. ಐರಿಷ್ ನಾಯಕನಾದ ಮೈಕೇಲ್ ಡೇವಿಟ್ಟನು ಬಹುಕಾಲದಿಂದ ಅವರ ಮಿತ್ರನು. ವಯೋವೃದ್ಧೆಯಾದ ಫ್ಲಾರೆನ್ಸ್ ನೈಟಿಂಗೇಲ್ ಅವರು ಜಯವನ್ನು ಹಾರೈಸಿ ಪತ್ರವನ್ನು ಬರೆದರು. ಎದುರಾಳಿಯಾದ ಪೆಂಟನ್ನನು ಆ ಪ್ರದೇಶದ ಹಳೆಯ ಭೂಸ್ವಾಮಿಗಳ ಮನೆತನದವನು. ಅಲ್ಲಿಯ ಪೆಂಟನ್‌ವಿಲ್ ಎಂಬ ಕೇರಿಗೆ ಅವನ ಮನೆತನದ ಹೆಸರೇ ಇದ್ದಿತು. ಹೀಗೆ ಒಂದು ಕಡೆ ಊರಿನ ಹೆಸರನ್ನೇ ಹೊತ್ತವನು. ಮತ್ತೊಂದು ಕಡೆ ಆರು ಸಾವಿರ ಮೈಲಿಗಳಾಚೆಯಿಂದ ಬಂದ, ಅರವತ್ತಾರು ವರ್ಷ ವಯಸ್ಸಿನ, ಹೆಸರನ್ನು ಉಚ್ಚರಿಸುವುದಕ್ಕೇ ಮತದಾರನ ನಾಲಗೆ ತೊಡರುತ್ತಿದ್ದ ಪರದೇಶಿ. ಬೊಂಬಾಯಿಯ ಈ ಅಗ್ನಿಪೂಜಕನಿಗಿಂತ ಯೋಗ್ಯನಾದ ಆಂಗ್ಲೇಯನು ಕ್ಷೇತ್ರದಲ್ಲಿ ಒಬ್ಬನೂ ಇಲ್ಲವೆಂದು ಒಪ್ಪಿಕೊಂಡಂತಾಯಿತೆಂದು ವಿರೋಧಿ ಪತ್ರಿಕೆಯೊಂದು ಮತದಾರರನ್ನು ಮೂದಲಿಸಿತು.

ಎಣಿಕೆಯಾದಾಗ ಮೊದಲು ಮೂರು ಮತಗಳ ಅಂತರವು ಕಂಡಿತು. ಮರು ಎಣಿಕೆಯಲ್ಲಿ ಅದು ಐದಾಯಿತು. ಅತ್ಯಲ್ಪ ಬಹುಮತಕ್ಕೆ ಇಂಗ್ಲಿಷರು ಹೇಳುವ 'ನ್ಯಾರೋ ಮೆಜಾರಿಟಿ' ಎಂಬ ಮಾತು ನವರೋಜಿಯವರ ಹೆಸರಿನೊಡನೆ ಪ್ರಾಸಗೂಡಿದುದರಿಂದ, ವಿನೋದಪ್ರಿಯರು ಅವರಿಗೆ ಅದನ್ನೇ ಅಡ್ಡಹೆಸರಾಗಿ ಇಟ್ಟರು. ಪೆಂಟನ್ನನು ಫಲಿತಾಂಶವನ್ನು ಪ್ರಶ್ನಿಸಿ ಅರ್ಜಿಯನ್ನು ಹಾಕಿದನು. ಅದು ಕೊನೆಗೆ ಬಿದ್ದುಹೋಯಿತು.

ಈಗ ಪ್ರಶ್ನೆಗೆ ಬರೋಣ. ಈ ಐದು ಮತಗಳು ಯಾರವು? ಸಾಲ್ಸ್‌ಬರಿಯ ಮಾತಿಗೆ ಹೇಸಿ ಮತವಿತ್ತ ಐವರು ಇದ್ದಿರಬಹುದು. ಐರಿಷ್ ಜನರು ಐವರಿಗಿಂತ ಹೆಚ್ಚಾಗಿಯೇ ಇದ್ದರು. ಎಂಟು ಗಂಟೆಯ ಕೆಲಸವನ್ನು ಬಯಸಿದವರೂ, ಪೆಂಟನ್ನನ ಮೇಲೆ ಮುನಿಸಿದ್ದವರೂ ಇದ್ದರು. ಕಾಗೆಯು ಬಂದು ಕೂತುದೂ ತಾಳೆಯ ಹಣ್ಣು ಬಿದ್ದುದೂ ಒಂದೇ ಕಾಲದಲ್ಲಿ ಆದರೆ, ಕಾಗೆಯೇ ಹಣ್ಣನ್ನು ಕೆಡವಿತೆನ್ನುವುದು ಕಾಕತಾಳೀಯವೆಂದು ಎಲ್ಲರೂ ಬಲ್ಲರು. ಫಿನ್ಸ್‌ಬರಿಯಲ್ಲಿ ಒಂದೇ ತಾಳೆಯ ಮರದ ಮೇಲೆ ಹತ್ತು ಕಾಗೆಗಳು ಕೂತಿದ್ದವು. ಅಂತರವು ಐದೇ ಆದುದರಿಂದ ಪ್ರತಿಯೊಂದು ಕಾಗೆಯೂ ಹಣ್ಣನ್ನು ಕೆಡವಿದುದು ತಾನೇ ಎಂದು ವಾದಿಸಬಹುದಾಗಿದ್ದಿತು. ಅವುಗಳಲ್ಲಿ ಯಾವ ವಾದವನ್ನೂ ಖಂಡಿಸಲಾಗದು. ಯಾವುದನ್ನೂ ಸಾಧಿಸಲೂ ಆಗದು.

ಒಂದು ಚುನಾವಣೆಯನ್ನು ಮಾತ್ರ ನೋಡುವವನಿಗೆ ಇದರಾಚೆಗೆ ದಾರಿಯಿಲ್ಲ. ಆದರೆ ತರ್ಕಶಾಸ್ತ್ರವು ಅನ್ವಯ ವ್ಯತಿರೇಕಗಳೆಂಬ ಉಪಾಯವನ್ನು ಕಲಿಸಿರುವುದು. ಯಾವುದು ಇದ್ದಲ್ಲಿ ಕಾರ್ಯವು ಇರುವುದೋ, ಯಾವುದು ಇಲ್ಲದಲ್ಲಿ ಕಾರ್ಯವೂ ಇರುವುದಿಲ್ಲವೋ, ಅದನ್ನು ಕಾರಣವೆಂದು ತಿಳಿಯಬೇಕು. ಈ ಒರೆಗಲ್ಲಿಗೆ ಮೂರು ವರ್ಷಗಳಲ್ಲಿಯೇ ಚರಿತ್ರೆಯು ತಾನಾಗಿ ಸಾಮಗ್ರಿಯನ್ನು ಒದಗಿಸಿತು.

೧೮೯೫ರಲ್ಲಿ ಮತ್ತೆ ಸಾರ್ವತ್ರಿಕ ಚುನಾವಣೆಯಾಯಿತು. ಆ ವರ್ಷ ಲಿಬರಲ್ ಪಕ್ಷವು ದೇಶದಾದ್ಯಂತ ಮುಗ್ಗರಿಸಿತು. ಫಿನ್ಸ್‌ಬರಿಯಲ್ಲಿ ನವರೋಜಿಯವರು ಸೋತರು. ಆದರೆ ಅದೇ ಲಂಡನ್ನಿನಲ್ಲಿ, ಅದೇ ಚುನಾವಣೆಯಲ್ಲಿ, ಮತ್ತೊಬ್ಬ ಭಾರತೀಯನು ಗೆದ್ದನು! ಬೊಂಬಾಯಿಯ ಪಾರ್ಸಿಯೇ ಆದ ಸರ್ ಮಂಚೇರ್ಜಿ ಭಾವನಗರಿಯವರು ಬೆತ್ನಲ್ ಗ್ರೀನಿನ ಈಶಾನ್ಯ ಕ್ಷೇತ್ರದಿಂದ ಕನ್ಸರ್ವೇಟಿವ್ ಪಕ್ಷದ ಪರವಾಗಿ, ಅಂದರೆ ಸಾಲ್ಸ್‌ಬರಿಯ ಪಕ್ಷದ ಪರವಾಗಿಯೇ ನಿಂತು, ೧೬೦ ಮತಗಳ ಅಂತರದಿಂದ ಜಯಶೀಲರಾದರು. ಅವರಿಂದ ಸೋತವನು ಸಾಮಾನ್ಯನಲ್ಲ. ಜಾರ್ಜ್ ಹೋವೆಲ್ ಎಂಬ ಆ ಲಿಬರಲನು ಕೆಲಸಗಾರರ ಚಳವಳಿಯ ಹಳೆಯ ನಾಯಕನು. ಹತ್ತು ವರ್ಷ ಆ ಬಡಕ್ಷೇತ್ರವನ್ನು ಪ್ರತಿನಿಧಿಸಿದವನು. ತಾನು ಇಷ್ಟು ದುಡಿದರೂ ತನ್ನನ್ನು ಕರಿಯನೊಬ್ಬನು ಹೊರಗೆ ದೂಡಿದನೆಂದು ಅವನು ಹಲುಬಿದನು. ಸಾಲ್ಸ್‌ಬರಿಯು ಬಳಸಿದ ಶಬ್ದವನ್ನು ಈಗ ಕೆಲಸಗಾರರ ಮಿತ್ರನೇ ಬಳಸಿದನು. ಸಾಲ್ಸ್‌ಬರಿಯ ಪಕ್ಷವು ತನ್ನ ಕರಿಯ ಸದಸ್ಯನನ್ನು ಸಂತೋಷದಿಂದ ಬರಮಾಡಿಕೊಂಡಿತು.

ಇಲ್ಲಿ ಕುಲವು ಒಂದೇ, ಊರು ಒಂದೇ, ಮೈಬಣ್ಣವು ಒಂದೇ. ಬೇರೆಯಾದುದು ಪಕ್ಷ. ಪಕ್ಷವು ಗೆದ್ದಲ್ಲಿ ಭಾರತೀಯನು ಗೆದ್ದನು. ಪಕ್ಷವು ಸೋತಲ್ಲಿ ಸೋತನು. ೧೯೦೦ರಲ್ಲಿ ಕನ್ಸರ್ವೇಟಿವರು ಗೆದ್ದರು, ಭಾವನಗರಿಯವರೂ ಮತ್ತೆ ಗೆದ್ದರು. ೧೯೦೬ರಲ್ಲಿ ಆ ಪಕ್ಷವು ನೆಲಕಚ್ಚಿದಾಗ ಅವರೂ ಸೋತರು. ಅದೇ ೧೯೦೬ರ ಆರಂಭದಲ್ಲಿ, ಲಿಬರಲರು ಹಿಂದೆಂದೂ ಕಾಣದ ಜಯವನ್ನು ಪಡೆದಾಗ, ಎಂಬತ್ತು ವರ್ಷ ವಯಸ್ಸಿನ ನವರೋಜಿಯವರು ಉತ್ತರ ಲ್ಯಾಂಬೆತ್ ಕ್ಷೇತ್ರದಲ್ಲಿ ನಿಂತು ಸೋತರು. ಏಕೆಂದರೆ ಪಕ್ಷದ ಅಧಿಕೃತ ಉಮೇದುವಾರನು ಬೇರೊಬ್ಬನಿದ್ದನು. ಪಕ್ಷದ ಮುದ್ರೆಯಿಲ್ಲದ ನವರೋಜಿಯವರು ಆ ಪಕ್ಷದ ಸುಗ್ಗಿಯಲ್ಲಿಯೂ ಬರಿಗೈಯಲ್ಲಿ ಉಳಿದರು. ಅನ್ವಯವೂ ವ್ಯತಿರೇಕವೂ ಇದಕ್ಕಿಂತ ಸ್ಪಷ್ಟವಾಗಿ ದೊರೆಯುವುದು ಅಪರೂಪ. ಫಿನ್ಸ್‌ಬರಿಯ ೨,೯೬೧ ಮತಗಳಲ್ಲಿ ಬಹುಪಾಲು ಯಾವ ಲಿಬರಲನಿಗಾದರೂ ಬೀಳತಕ್ಕವುಗಳಾಗಿದ್ದವು. ಮಿಕ್ಕ ಕೆಲವು ಕಾರಣಗಳು ಅಂಚಿನ ಕೆಲವು ಮತಗಳನ್ನು ಅತ್ತಿತ್ತ ಸರಿಸಿರಬಹುದು. ಅಂತರವು ಐದೇ ಆದಾಗ ಅಂಚೂ ಮುಖ್ಯವೇ ಸರಿ.

ಇದನ್ನು ಕೇಳಿದ ಕೆಲವರಿಗೆ ಮನಸ್ಸು ಕುಗ್ಗಬಹುದು. ಭಾರತಕ್ಕೆ ಸಂದ ಮನ್ನಣೆಯೆಂದು ಹಿರಿಯರು ಹಿಗ್ಗಿದ ಜಯವು ಪಕ್ಷದ ಚೀಟಿಯ ಮಹಿಮೆಯಾಯಿತೇ ಎಂದು ತೋರಬಹುದು. ಆದರೆ ವಿಷಯವನ್ನು ಇನ್ನೂ ಒಂದು ಬಾರಿ ತೂಗಿ ನೋಡಬೇಕು. ಸಾಲ್ಸ್‌ಬರಿಯು ಸಂದೇಹಿಸಿದುದು ಏನನ್ನು? ಬ್ರಿಟಿಷ್ ಮತದಾರನು ಭಾರತವನ್ನು ಪ್ರೀತಿಸುವನೇ ಎಂದಲ್ಲ. ಕರಿಯನೆಂದು ತಿಳಿದವನಿಗೆ ಅವನು ಮತವನ್ನು ಕೊಡುವನೇ ಎಂದು. ಕ್ಲರ್ಕನ್‌ವೆಲ್ಲಿನ ಗಡಿಯಾರದ ಕೆಲಸಗಾರನು ತನ್ನ ಪಕ್ಷದವನೆಂಬ ಒಂದೇ ಕಾರಣದಿಂದ ನವರೋಜಿಯವರಿಗೆ ಮತವನ್ನು ಕೊಟ್ಟಿದ್ದರೂ, ಆ ಸಂದೇಹಕ್ಕೆ ಉತ್ತರವು ದೊರೆತೇ ದೊರೆಯಿತು. ಕನಿಕರದಿಂದ ಕೊಟ್ಟ ಮತದಲ್ಲಿ ಮೇಲಿನವನು ಕೆಳಗಿನವನಿಗೆ ಕೈ ನೀಡಿದ ಭಾವವಿರುವುದು. ಎಂಟು ಗಂಟೆಯ ಕೆಲಸಕ್ಕಾಗಿ ಕೊಟ್ಟ ಮತದಲ್ಲಿ ಆ ಭಾವವಿಲ್ಲ. ಅಲ್ಲಿ ಒಬ್ಬ ಪ್ರಜೆಯು ಮತ್ತೊಬ್ಬನನ್ನು ತನ್ನ ಕೆಲಸಕ್ಕೆ ನೇಮಿಸಿಕೊಂಡನು. ಜಯದ ಸಾಮಾನ್ಯತೆಯೇ ಅದರ ಹಿರಿಮೆ.

ಆದರೆ ಈ ಹಿರಿಮೆಯು ಎಲ್ಲಿಯವರೆಗೆ ವ್ಯಾಪಿಸುವುದೆಂಬುದನ್ನು ಅರಿಯದವರು ಮೋಸಹೋದರು. ನವರೋಜಿಯವರು ಪಾರ್ಲಿಮೆಂಟಿನಲ್ಲಿ ಫಿನ್ಸ್‌ಬರಿಯ ಸದಸ್ಯರು. ಭಾರತೀಯರ ದೃಷ್ಟಿಯಲ್ಲಿಯಾದರೋ ಅವರು ಸುಮಾರು ೨೮ ಕೋಟಿ ಜನರ ಸದಸ್ಯರು. ೧೮೯೨ರ ಆಗಸ್ಟಿನಲ್ಲಿ ತಮ್ಮ ಮೊದಲ ಭಾಷಣದಲ್ಲಿ ಅವರು ಭಾರತದ ಪರವಾಗಿ ಫಿನ್ಸ್‌ಬರಿಗೆ ಕೃತಜ್ಞತೆಯನ್ನು ಸಲ್ಲಿಸಿದರು. ಅದೇ ವರ್ಷ ಅದೇ ಪಾರ್ಲಿಮೆಂಟು ಭಾರತದ ಶಾಸನಸಭೆಗಳ ಬಗ್ಗೆ ಮಾಡಿದ ಕಾಯಿದೆಯಲ್ಲಿ, ಭಾರತದ ಸಾಮಾನ್ಯ ಪ್ರಜೆಗೆ ನೇರವಾಗಿ ಮತವನ್ನು ಕೊಡುವ ಅಧಿಕಾರವಿರಲಿಲ್ಲ. ಲಂಡನ್ನಿನ ಗಡಿಯಾರದವನು ಭಾರತೀಯನನ್ನು ಆರಿಸಬಹುದಾಗಿದ್ದಿತು. ಭಾರತದ ರೈತನು ಆರಿಸುವಂತಿರಲಿಲ್ಲ.

೧೮೯೩ನೆಯ ಜೂನ್ ೨ರಂದು ಒಂದು ಆಶ್ಚರ್ಯವು ನಡೆಯಿತು. ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಇಂಗ್ಲೆಂಡಿನಲ್ಲಿಯೂ ಭಾರತದಲ್ಲಿಯೂ ಏಕಕಾಲದಲ್ಲಿ ನಡೆಸಬೇಕೆಂಬ ನಿರ್ಣಯವನ್ನು ಹರ್ಬರ್ಟ್ ಪಾಲ್ ಎಂಬ ಸದಸ್ಯನು ಮಂಡಿಸಲು, ನವರೋಜಿಯವರ ಸಮರ್ಥನೆಯೊಡನೆ ಅದು ೭೬ಕ್ಕೆದುರಾಗಿ ೮೪ ಮತಗಳಿಂದ ಅಂಗೀಕೃತವಾಯಿತು. ನವರೋಜಿಯವರು ಬಹುಕಾಲದಿಂದ ಬೇಡುತ್ತಿದ್ದುದು ಇದನ್ನೇ. ಆದರೆ ಸರಕಾರವು ಭಾರತದ ಅಧಿಕಾರಿಗಳ ಅಭಿಪ್ರಾಯವನ್ನು ಕೇಳಿ, ಅವರ ವಿರೋಧವನ್ನೇ ನೆಪಮಾಡಿ, ನಿರ್ಣಯವನ್ನು ಮೂಲೆಗೆ ಹಾಕಿತು. ಭಾರತದಲ್ಲಿ ಆ ಪರೀಕ್ಷೆಯು ನಡೆದುದು ೧೯೨೨ರಲ್ಲಿ. ಅದನ್ನು ನೋಡುವುದಕ್ಕೆ ನವರೋಜಿಯವರು ಇರಲಿಲ್ಲ. ೧೮೯೩ರಲ್ಲಿ ನಿರ್ಣಯವು ಮೂಲೆಗೆ ಬಿದ್ದುದಕ್ಕಾಗಿ ಯಾವ ಮಂತ್ರಿಯೂ ತನ್ನ ಸ್ಥಾನವನ್ನು ಕಳೆದುಕೊಳ್ಳಲಿಲ್ಲ. ಏಕೆಂದರೆ ಅದಕ್ಕಾಗಿ ಸಿಟ್ಟಾಗತಕ್ಕ ಮತದಾರರು ಇಂಗ್ಲೆಂಡಿನಲ್ಲಿ ಇರಲಿಲ್ಲ, ಸಿಟ್ಟಾದವರಿಗೆ ಮತವಿರಲಿಲ್ಲ. ಫಿನ್ಸ್‌ಬರಿಯವನು ನವರೋಜಿಯವರನ್ನು ಕಳುಹಿಸಿದ್ದುದು ತನ್ನ ಬಾಡಿಗೆಗೂ ಕೂಲಿಗೂ ಐರ್ಲೆಂಡಿಗೂ ಆಗಿ. ಅವರು ಅಲ್ಲಿ ಭಾರತದ ಮಾತನ್ನು ಎತ್ತಿದುದನ್ನು ಅವನು ಸಹಿಸಿದನು. ಆ ಮಾತಿಗಾಗಿ ಅವರನ್ನು ಕಳುಹಿಸಿರಲಿಲ್ಲ.

ಇತ್ತ ಭಾವನಗರಿಯವರು ಬ್ರಿಟಿಷ್ ಆಡಳಿತದ ಅಭಿಮಾನಿಗಳಾಗಿದ್ದರು. ಭಾರತದ ರಾಷ್ಟ್ರೀಯರು ಅವರ ಹೆಸರನ್ನು ತಿರುಚಿ 'ಬೌ ಅಂಡ್ ಅಗ್ರೀ', ಎಂದರೆ ತಲೆಬಾಗಿ ಒಪ್ಪುವವನು, ಎಂದು ಹಾಸ್ಯಮಾಡಿದರು. ದಕ್ಷಿಣ ಆಫ್ರಿಕದ ಭಾರತೀಯರ ಕಷ್ಟಗಳ ಬಗ್ಗೆ ಅವರು ಪಾರ್ಲಿಮೆಂಟಿನಲ್ಲಿ ಪಟ್ಟುಹಿಡಿದು ಮಾತಾಡಿದುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಒಂದೇ ಕುಲದ ಇಬ್ಬರು ಎದುರುಬದುರಾದ ಪಕ್ಷಗಳಲ್ಲಿ ಕೂತು, ಒಂದೇ ದೇಶದ ಬಗ್ಗೆ ಭಿನ್ನವಾದ ಮಾತುಗಳನ್ನು ಆಡಿದುದರಿಂದ ಒಂದು ಪಾಠವು ಸಿದ್ಧವಾಯಿತು: ಕುಲವನ್ನು ನೋಡಿ ಮತವನ್ನು ಕೊಡುವವನು ತಾನು ಏನನ್ನು ಕೊಂಡೆನೆಂಬುದನ್ನು ಅರಿಯಲಾರನು.

ಬ್ರಿಟಿಷ್ ಕ್ಷೇತ್ರದಿಂದ ಆಯ್ಕೆಯಾದ ಮೂರನೆಯ ಪಾರ್ಸಿ ಗೃಹಸ್ಥರೆಂದರೆ ಶಾಪುರ್ಜಿ ಸಕ್ಲಾತ್‌ವಾಲರು. ಜಮ್‌ಸೆಟ್‌ಜಿ ಟಾಟಾರವರ ಸೋದರಳಿಯನಾಗಿದ್ದು ಕಮ್ಯೂನಿಸ್ಟರಾದವರು ಇವರು. ೧೯೨೨ರಲ್ಲಿ ಲಂಡನ್ನಿನ ಉತ್ತರ ಬ್ಯಾಟರ್‌ಸೀ ಕ್ಷೇತ್ರದಿಂದ ಲೇಬರ್ ಪಕ್ಷದ ಬೆಂಬಲದಿಂದ ಗೆದ್ದರು. ೧೯೨೩ರಲ್ಲಿ ಸೋತು, ೧೯೨೪ರಲ್ಲಿ ಕಮ್ಯೂನಿಸ್ಟರಾಗಿಯೇ ಮತ್ತೆ ಗೆದ್ದರು. ಅವರ ಚುನಾವಣೆಯ ಕಾರ್ಯನಿರ್ವಾಹಕನಾಗಿದ್ದವನು ಜಾನ್ ಆರ್ಚರ್ ಎಂಬ ನೀಗ್ರೋ ಜನಾಂಗದವನು. ೧೯೧೩ರಲ್ಲಿ ಬ್ಯಾಟರ್‌ಸೀಯ ಮೇಯರ್ ಆದವನು. ಆ ಕ್ಷೇತ್ರದ ಕೆಲಸಗಾರರು ಈ ಇಬ್ಬರ ಮೈಬಣ್ಣವನ್ನು ಎಣಿಸಲಿಲ್ಲ. ಅವರ ಪಾಲಿಗೆ ವರ್ಗವು ವರ್ಣಕ್ಕಿಂತ ದೊಡ್ಡದಾಗಿದ್ದಿತು. ೧೯೨೯ರಲ್ಲಿ ಲೇಬರ್ ಪಕ್ಷವು ತನ್ನವನನ್ನೇ ಎದುರಿಗೆ ನಿಲ್ಲಿಸಿದಾಗ ಸಕ್ಲಾತ್‌ವಾಲರು ಸೋತರು. ಇಲ್ಲಿಯೂ ಅದೇ ನಿಯಮವು ಕಂಡುಬರುವುದು.

೧೮೮೮ರಲ್ಲಿ ಸಾಲ್ಸ್‌ಬರಿಯು ಕೂತಿದ್ದ ಪೀಠದ ಮೇಲೆಯೇ, ನೂರ ಮೂವತ್ತನಾಲ್ಕು ವರ್ಷಗಳ ತರುವಾಯ, ೨೦೨೨ರ ಅಕ್ಟೋಬರಿನಲ್ಲಿ, ಅವನ ಪಕ್ಷದವರೇ ಆದ ಹಿಂದೂ ಗೃಹಸ್ಥ ಋಷಿ ಸುನಕ್‌ರು ಕುಳಿತರು. ಅವರನ್ನು ಆ ಪೀಠಕ್ಕೆ ಏರಿಸಿದವರು ಪಕ್ಷದ ಪಾರ್ಲಿಮೆಂಟ್ ಸದಸ್ಯರು. ೨೦೨೪ರ ಜುಲೈಯಲ್ಲಿ ಮತದಾರರು ಆ ಪಕ್ಷವನ್ನೇ ಇಳಿಸಿದಾಗ ಅವರೂ ಇಳಿದರು. ಏರಿದಾಗ ಭಾರತವು ಇಂಗ್ಲೆಂಡನ್ನು ಗೆದ್ದಿತೆಂದು ಹಿಗ್ಗಿದವರೂ, ಇಳಿದಾಗ ವ್ಯಥೆಪಟ್ಟವರೂ ೧೮೯೨ರ ಪಾಠವನ್ನು ಮರೆತವರೇ.

ಆ ಪಾಠವನ್ನು ಎಲ್ಲರಿಗಿಂತ ದುಬಾರಿಯಾದ ಬೆಲೆಯನ್ನು ಕೊಟ್ಟು ಕಲಿತವರು ನವರೋಜಿಯವರೇ. ವ್ಯಕ್ತಿಯೊಬ್ಬನಿಗೆ ಬಿದ್ದ ಮತವು ಅವನ ನಾಡಿಗೆ ಬಿದ್ದ ಮತವಾಗದು. ಪರರ ಮತದಾರನು ಎಷ್ಟೇ ಸಜ್ಜನನಾಗಿದ್ದರೂ ಅವನು ತನ್ನ ಮನೆಯ ಕಷ್ಟಕ್ಕಾಗಿಯೇ ಮತವನ್ನು ಕೊಡುವನು. ಹಾಗೆ ಕೊಡುವುದು ಅವನ ತಪ್ಪಲ್ಲ, ಅವನ ಹಕ್ಕು. ಹಾಗಿದ್ದಲ್ಲಿ ಭಾರತದ ಕಷ್ಟಕ್ಕಾಗಿ ಮತವನ್ನು ಕೊಡತಕ್ಕವನು ಭಾರತೀಯನಲ್ಲದೆ ಮತ್ತಾರು? ೧೯೦೬ರ ಜನವರಿಯಲ್ಲಿ ಲ್ಯಾಂಬೆತ್ತಿನಲ್ಲಿ ಸೋತ ಆ ವೃದ್ಧರು, ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತೆಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ ಸ್ವರಾಜ್ಯವೇ ಭಾರತದ ಗುರಿಯೆಂದು ಸಾರಿದರು. ೧೯೧೭ನೆಯ ಜೂನ್ ೩೦ರಂದು ಅವರು ಬೊಂಬಾಯಿಯಲ್ಲಿ ಕಾಲವಾದರು. ಭಾರತದ ರೈತನೂ ಅವನ ಮಡದಿಯೂ ತಮ್ಮ ಮನೆಯ ಕಷ್ಟವನ್ನು ನೆನೆದು ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕುವ ಕಾಲವು ಬಂದುದು ಅದಕ್ಕೆ ಮೂವತ್ತನಾಲ್ಕು ವರ್ಷಗಳಾದಮೇಲೆ, ೧೯೫೧-೫೨ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ. ಆ ಚೀಟಿಗಳ ಹಿಂದಣ ಮನೋಗತವನ್ನೂ ಪೆಟ್ಟಿಗೆಯು ಯಾರಿಗೂ ಹೇಳಲಿಲ್ಲ; ಆದರೆ ಆ ಮನಸ್ಸು ಈ ನಾಡಿನದೇ ಆಗಿದ್ದಿತು.